“ಇಲ್ಲೇ” ಅಂದವರ ನಕ್ಷೆ

ವಸಂತಪುರದ ಸೊಸೆ ಸೌಮ್ಯ ನಕ್ಷೆಗಳಿಗೆ ಬಣ್ಣ ಹಚ್ಚಿ ಸಂಬಳ ತೆಗೆದುಕೊಳ್ಳುವವಳು. ಜಯನಗರದ ಸಣ್ಣ ನಗರಯೋಜನಾ ಆಫೀಸೊಂದರಲ್ಲಿ ಕೂತು, ಯಾವ ಬೀದಿಯವರಿಗೆ ಆಸ್ಪತ್ರೆ, ಶಾಲೆ, ಮಾರುಕಟ್ಟೆ ಎಷ್ಟು ಸುಲಭವಾಗಿ ಸಿಗುತ್ತವೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ನಡೆದೇ ಎಲ್ಲ ಸಿಕ್ಕರೆ ಹಸಿರು, ಬಸ್ಸಿಗೆ ಪರದಾಡಬೇಕಾದರೆ ಕೆಂಪು. ಕೆಂಪು ಕಂಡಲ್ಲಿ ಬಸ್ಸು ಬಿಟ್ಟರೆ ಸ್ಕೂಟರೂ ಹೊಗೆಯೂ ಕಡಿಮೆಯಾಗುತ್ತವೆ ಎಂದು ನಂಬಿದವಳು. ನಂಬಿಕೆಯೇನೋ ಗಟ್ಟಿ, ಆದರೆ ದಿನಾ ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗಿ ಶಿಶುವಿಹಾರಕ್ಕೆ ಬಿಟ್ಟು, ಹೊಗೆ ಬಿಡುತ್ತಲೇ ಆಫೀಸಿಗೆ ಹೋಗುತ್ತಿದ್ದಳು.

ಈ ಸಲ ಅವಳದೇ ಏರಿಯಾದ ಹಣೆಬರಹ ಅವಳ ಕೈಗೆ ಬಂದಿತ್ತು. ವಸಂತಪುರದ ಒಳಬೀದಿಗಳಿಂದ ಮೆಟ್ರೊಗೆ ಮಿನಿ ಬಸ್ಸು ಬಿಡಬೇಕೋ ಬೇಡವೋ ಎಂಬುದು ಸೋಮವಾರದ ಸಭೆಯಲ್ಲಿ ತೀರ್ಮಾನವಾಗಬೇಕು. ಸರ್ವೆಯವರು ಸ್ಟಾಪುಗಳಲ್ಲಿ ನಿಂತು, ಸೌಮ್ಯ ಬರೆದುಕೊಟ್ಟ ಪ್ರಶ್ನೆಯನ್ನು ಚಾಚೂ ತಪ್ಪದೆ ಕೇಳಿ ಬಂದಿದ್ದರು: ಎಲ್ಲಿಗೆ ಹೋಗುತ್ತಿದ್ದೀರಿ?

ಮುಕ್ಕಾಲು ಜನ “ಇಲ್ಲೇ” ಎಂದಿದ್ದರು. ನಕ್ಷೆ ಗರಿಕೆಯ ಹಾಗೆ ಹಸಿರಾಯಿತು.

“ಸಖತ್ ಏರಿಯಾ ಕಣಮ್ಮ ನಿಂದು,” ಎಂದ ಬಾಸ್ ದಿನೇಶ್. “ಎಲ್ಲಾ ವಾಕಿಂಗ್ ಡಿಸ್ಟೆನ್ಸು. ಬಸ್ ಯಾಕೆ? ಸುಬ್ರಹ್ಮಣ್ಯಪುರಕ್ಕೆ ಕೊಡೋಣ ಬಿಡು.”

ಸೌಮ್ಯ ಉಬ್ಬಿಹೋದಳು. ವರದಿಯಲ್ಲಿ “ಸುಸ್ಥಿರ ಬದುಕಿಗೆ ಮಾದರಿ ಬಡಾವಣೆ” ಎಂದು ಬರೆದು, ತನ್ನ ವಾಕ್ಯಕ್ಕೆ ತಾನೇ ತಲೆದೂಗಿದಳು.

ಶನಿವಾರ ಸಂಜೆ ಅತ್ತೆ ಸೊಣ್ಣಮ್ಮ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಿದ್ದರು. ಆ ಮಂಡಿಗಾಗಿ ಎರಡು ಬಸ್ಸು ಬದಲಾಯಿಸಿ ಜಯನಗರದ ಆಸ್ಪತ್ರೆಗೆ ಅಲೆಯುವವರು ಅವರು.

“ಅತ್ತೆ, ನಮ್ಮ ಏರಿಯಾಗೆ ಬಸ್ಸೇ ಬೇಡ್ವಂತೆ.”

“ಯಾವನೇ ಹೇಳಿದ್ದು?”

“ನೀವೇ. ಸರ್ವೆಯವರು ಕೇಳಿದ್ರೆ ಎಲ್ಲರೂ ‘ಇಲ್ಲೇ’ ಅಂದಿದೀರ.”

“ಇನ್ನೇನನ್ಲಿ? ಆಸ್ಪತ್ರೆಗೆ ಹೊರಟು ನಿಂತೋಳ್ನ ಎಲ್ಲಿಗೆ ಅಂತಾನಲ್ಲೇ ಅವ್ನು! ‘ದೂರಾನಾ’ ಅಂತ ಕೇಳೋಷ್ಟು ಬುದ್ಧಿ ಬೇಡ್ವಾ? ಯಾರೇ ಆ ಪ್ರಶ್ನೆ ಬರ್ಕೊಟ್ಟಿದ್ದು?”

“ಯಾರೋ... ಆಫೀಸ್ನೋರು.”

“ಅವರಮ್ಮ ಏನೂ ಕಲಿಸಿಲ್ಲ ಬಿಡು.”

ಅಮ್ಮ ಕಲಿಸಿದ್ದಳು. ಅವತ್ತೇ ಬೆಳಿಗ್ಗೆ ಗಂಡ ರವಿಕುಮಾರ “ಎಲ್ಲಿಗೆ?” ಎಂದದ್ದಕ್ಕೆ ಸೌಮ್ಯ ಹೊಸಿಲಿನಿಂದ ವಾಪಸು ಬಂದು, ಅರ್ಧ ಲೋಟ ನೀರು ಕುಡಿದು, ಅವನಿಗೆ ಪೂರ್ತಿ ಮಂಗಳಾರತಿ ಮಾಡಿ ಹೋಗಿದ್ದಳು. ಅದೇ ಅಪಶಕುನವನ್ನು ಊರಿಗೆಲ್ಲ ಸಂಬಳ ಕೊಟ್ಟು ಕೇಳಿಸಿದ್ದಳು!

“ಸಾರ್, ಆ ಹಸಿರು ಸುಳ್ಳು. ತಪ್ಪು ನಂದೇ,” ಎಂದು ದಿನೇಶನಿಗೆ ಫೋನು ಮಾಡಿದಳು.

“ಈಗ ಹೇಳ್ತೀಯಲ್ಲ ತಾಯಿ! ಮೀಟಿಂಗಲ್ಲಿ ನೀನೇ ಎದ್ದು ನಿಂತು ಹೇಳ್ಕೋ.”

ಹೇಳಿಕೊಂಡಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗಿಸಿದ್ದಕ್ಕೋ ಏನೋ, ಮತ್ತೆ ಸರ್ವೆ ಮಾಡಲು ಸಮಯವನ್ನೂ ಕೊಟ್ಟಿತು. ಈ ಸಲ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸೌಮ್ಯಳೇ ಸ್ಟಾಪಿನಲ್ಲಿ ನಿಂತಳು.

“ದೂರ ಹೊರಟ್ರಾ ಅಕ್ಕ?”

“ಹೂಂ ಕಣಮ್ಮ, ಬನಶಂಕರಿಗೆ. ಮಗಳ ಬಾಣಂತನ. ಅಳಿಯ ಇದಾನೆ ನೋಡು, ಒಂದು ಲೋಟ ತೊಳೆಯಲ್ಲ...”

ಅಳಿಯಂದಿರ ಪುರಾಣ ಬರೆದುಕೊಳ್ಳಲು ನಕ್ಷೆಯಲ್ಲಿ ಜಾಗವಿರಲಿಲ್ಲ. ಏರಿಯಾಗಳ ಹೆಸರಷ್ಟೇ ಸಾಕಾಯಿತು: ಜೆ.ಪಿ. ನಗರ, ಬಿಟಿಎಂ, ಬನಶಂಕರಿ. ಮಾದರಿ ಬಡಾವಣೆ ಕುಂಕುಮದ ಬಣ್ಣಕ್ಕೆ ತಿರುಗಿತು. ಮಿನಿ ಬಸ್ಸು ಪ್ರಾಯೋಗಿಕವಾಗಿ ಮಂಜೂರಾಯಿತು.

ಮೊದಲ ದಿನ ಸ್ಕೂಟರು ಮನೆಯಲ್ಲಿ ಬಿಟ್ಟು, ಅತ್ತೆ, ಮಗಳ ಜೊತೆ ಸೌಮ್ಯ ಗತ್ತಿನಿಂದಲೇ ಬಸ್ಸು ಹತ್ತಿದಳು. ಸೊಣ್ಣಮ್ಮ ಕಿಟಕಿ ಹಿಡಿದರು. ಮೊಮ್ಮಗಳು ಅವರ ತೊಡೆ ಹಿಡಿಯಿತು. ಬಸ್ಸು ತರಿಸಿದವಳು ಯಾರದೋ ಸೊಪ್ಪಿನ ಚೀಲಕ್ಕೆ ಒರಗಿ ಮೆಟ್ರೊವರೆಗೂ ನಿಂತೇ ಹೋದಳು.