ಮಮ್ಮಿ ಹಾಡುತ್ತಿದ್ದ ಜಪಾನಿ ಹಾಡುಗಳು

ಪಿಯಾನೋದಲ್ಲಿ ನಿಧಾನವಾಗಿ ಇಳಿದು ಬರುವ ಆರು ಸ್ವರ, ಆಮೇಲೆ ಎಲ್ಲೋ ದೂರದಲ್ಲಿ ಎದ್ದಂತೆ ಒಂದು ಪಿಟೀಲು. ಹೋದ ತಿಂಗಳು ಆಫೀಸಿನವರೆಲ್ಲ ಸೇರಿ ಇಲ್ಲಿ ಸೌದಿಯ ಖೋಬರ್‌ನಲ್ಲಿ ಹೊಸದಾಗಿ ತೆರೆದ ಕರಾವೋಕೆ ಕೋಣೆಗೆ ಹೋಗಿದ್ದೆವು. ರಿಸೆಪ್ಷನ್ನಿನ ಫಿಲಿಪಿನೋ ಹುಡುಗಿ ಪಟ್ಟಿಯಲ್ಲಿ ಏನೋ ಹುಡುಕುತ್ತಾ ಒಂದು ಜಪಾನಿ ಹಾಡನ್ನು ಒತ್ತಿದಳು. ಆ ಆರು ಸ್ವರ ಕೇಳಿದ್ದೇ ತಡ, ನಾನು ಅಲ್ಲಿರಲಿಲ್ಲ. ಜುಬೈಲ್‌ನ ಕಂಪನಿ ಕ್ವಾರ್ಟರ್ಸಿನ ನಮ್ಮ ಎರಡು ಕೋಣೆಯ ಮನೆಯಲ್ಲಿದ್ದೆ. ಕಿಟಕಿಯ ಎಸಿ ಗೊರಗುಡುತ್ತಿತ್ತು, ಎಷ್ಟು ಒರೆಸಿದರೂ ಹೋಗದ ಮರಳಿನ ಧೂಳಿನ ವಾಸನೆಗೆ ಕೋಳಿ ಸುಕ್ಕದ ಮಸಾಲೆಯ ವಾಸನೆ ಬೆರೆತಿತ್ತು, ಮಮ್ಮಿ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಮೈಕು ಹಿಡಿಯುತ್ತಿದ್ದಳು. ಪಪ್ಪನಿಗೆ ಕೆಲಸ ಮುಗಿದು ದೇಶ ಬಿಡುವ ಎಕ್ಸಿಟ್ ಆಗಿ ಇಬ್ಬರೂ ಮಂಗಳೂರಿಗೆ ಹೋಗಿ ಆರು ವರ್ಷವಾಯಿತು, ಮಮ್ಮಿ ತೀರಿಕೊಂಡು ನಾಲ್ಕು. ನಾನೊಬ್ಬಳು ನನ್ನದೇ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಇಲ್ಲೇ ಉಳಿದಿದ್ದೇನೆ. ಕಳೆದುಹೋದ ಮನೆಯೊಂದು ಹೀಗೆ ಹೇಳದೆ ಕೇಳದೆ ಎದುರು ಬಂದು ನಿಲ್ಲುವುದು ನಿಮಗೂ ಗೊತ್ತಿರಬಹುದು.

ಆ ಹಾಡುಗಳನ್ನು ನಮ್ಮ ಮನೆಗೆ ತಂದದ್ದು ಕೆಂಜಿ ಅಂಕಲ್. ಪಪ್ಪ ಆಪರೇಟರ್ ಆಗಿದ್ದ ಪ್ಲಾಂಟಿಗೆ ಜಪಾನಿನಿಂದ ಬಂದ ಇಂಜಿನಿಯರ್ ಅವರು. ಒಂಟಿ ಜೀವ, ಕ್ಯಾಂಪಿನ ಊಟ ಸೇರುತ್ತಿರಲಿಲ್ಲ. ಒಂದು ಶುಕ್ರವಾರ ಪಪ್ಪ ಅವರನ್ನು ಊಟಕ್ಕೆ ಕರೆತಂದರು. ಮಮ್ಮಿಯ ಕೈಯ ಇಡ್ಲಿಯಂಥ ಸಣ್ಣ ಮತ್ತು ಬಂಗುಡೆ ಮೀನಿನ ಸಾರು ತಿಂದ ಮನುಷ್ಯ ಮುಂದೆ ನಾಲ್ಕು ವರ್ಷ ಒಂದೇ ಒಂದು ಶುಕ್ರವಾರ ತಪ್ಪಿಸಲಿಲ್ಲ. ಬರಿಗೈಯಲ್ಲಿ ಬರುವುದಕ್ಕೆ ನಾಚಿಕೆಯಾಗಿಯೋ ಏನೋ, ರಜೆಗೆ ಹೋಗಿ ಬರುವಾಗ ಒಂದು ಕರಾವೋಕೆ ಯಂತ್ರವನ್ನೇ ಹೊತ್ತು ತಂದರು. ಜೊತೆಗಿದ್ದ ಡಿಸ್ಕುಗಳೆಲ್ಲ ಒಬ್ಬಳೇ ಗಾಯಕಿಯವು. ಅವರ ಊರಿನಲ್ಲಿ ಮದುವೆಮನೆಯಿಂದ ಹಿಡಿದು ಆಫೀಸಿನ ಪಾರ್ಟಿಯವರೆಗೆ ಆಕೆಯ ಹಾಡು ಹಾಡದವರೇ ಇಲ್ಲವಂತೆ. ಊರಿನಲ್ಲಿರುವ ಅವರ ತಾಯಿ ಅಡುಗೆಮನೆಯಲ್ಲಿ ದಿನವೂ ಹಾಡುವುದು ಅವನ್ನೇ ಅಂತೆ. ಆ ಹೆಸರಿಗೆ ನಾಲಿಗೆ ಹೊರಳದೆ ಮಮ್ಮಿ ಆಕೆಯನ್ನು ಜಪಾನ್ ಬಾಯ್ ಎಂದು ಕರೆದಳು. ನಮ್ಮ ಕೊಂಕಣಿಯವರಲ್ಲಿ ಅಕ್ಕತಂಗಿಯರನ್ನು ಬಾಯ್ ಎಂದೇ ಕರೆಯುವುದು. ಅವತ್ತಿನಿಂದ ಆಕೆ ನಮ್ಮ ಮನೆಯವಳೇ ಆಗಿಬಿಟ್ಟಳು.

ಮಮ್ಮಿ ಮದುವೆಗೆ ಮೊದಲು ಕಾರ್ಕಳದ ಕಡೆ ಕನ್ನಡ ಟೀಚರ್ ಆಗಿದ್ದವಳು. ಮನೆಯಲ್ಲಿ ಎಲ್ಲರೂ ಕೊಂಕಣಿ ಮಾತಾಡಿದರೂ ನನ್ನೊಂದಿಗೆ ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದಳು. ಜಪಾನಿ ಹಾಡುಗಳನ್ನೂ ಅವಳು ಕನ್ನಡದಲ್ಲೇ ಬರೆದುಕೊಂಡಳು. ಕೆಂಜಿ ಅಂಕಲ್ ಒಂದೊಂದು ಸಾಲನ್ನೂ ಮೂರು ಮೂರು ಸಲ ಹೇಳಬೇಕು, ಮಮ್ಮಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕಾಪಿ ಅಕ್ಷರದಲ್ಲಿ ಇಳಿಸಬೇಕು. ಎಳೆಯುವ ಕಡೆ ಮೇಲೊಂದು ಗೆರೆ, ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಚುಕ್ಕೆ. ಪಪ್ಪ ನಕ್ಕರೆ, ನಮ್ಮ ಕೊಂಕಣಿ ಪ್ರಾರ್ಥನೆ ಪುಸ್ತಕವೇ ಕನ್ನಡ ಅಕ್ಷರದಲ್ಲಿರುವಾಗ ಜಪಾನಿಗೆ ಮಾತ್ರ ಎಂತ ತೊಂದರೆ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅರ್ಥ ಕೇಳುವ ಗೋಜಿಗೇ ಅವಳು ಹೋಗಲಿಲ್ಲ. ಅವಳ ಅಜ್ಜಿ ಲ್ಯಾಟಿನ್ ಪ್ರಾರ್ಥನೆಯ ಒಂದಕ್ಷರ ತಿಳಿಯದೆಯೇ ಹಾಡಿ ಕಣ್ಣೀರು ಹಾಕುತ್ತಿದ್ದರಂತೆ, ದೇವರಿಗೆ ಅರ್ಥವಾದರೆ ಸಾಲದೇ ಎನ್ನುತ್ತಿದ್ದರಂತೆ. ಯಂತ್ರ ಹಾಡಿನ ಕೊನೆಗೆ ಮಾರ್ಕು ಕೊಡುತ್ತಿತ್ತು. ಪಪ್ಪನಿಗೆ ಅರವತ್ತು ದಾಟಿದರೆ ಹಬ್ಬ, ಕೆಂಜಿ ಅಂಕಲ್‌ಗೆ ಎಂಬತ್ತು. ಮಮ್ಮಿಗೆ ತೊಂಬತ್ತೈದು. ನನಗೆ ಆಗ ಎಂಟೋ ಒಂಬತ್ತೋ ವಯಸ್ಸು. ಅವಳ ಮಡಿಲಿಗೆ ಒರಗಿ ಕೂತರೆ ಆ ಸ್ವರ ಬೆನ್ನಿನಲ್ಲಿ ಗುಂಯ್ ಎನ್ನುತ್ತಿತ್ತು, ಪರದೆ ಎಳೆದ ಕೋಣೆಯಲ್ಲಿ ಮಧ್ಯಾಹ್ನದ ಬೆಳಕು ಚಹಾದ ಬಣ್ಣಕ್ಕಿರುತ್ತಿತ್ತು, ಹಾಡು ಮುಗಿಯುವಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು. ಅಷ್ಟು ಸುಖದ ನಿದ್ದೆಯನ್ನು ಆಮೇಲೆ ಎಲ್ಲಿಯೂ ಮಾಡಲಿಲ್ಲ.

ಹನ್ನೆರಡು ತುಂಬುವಾಗ ನನ್ನ ತಲೆ ತಿರುಗಿತು. ಇಂಡಿಯನ್ ಸ್ಕೂಲಿನ ಇಂಗ್ಲಿಷು ನನ್ನ ಮೂಗನ್ನು ಮೇಲೆತ್ತಿತ್ತು ಎಂದು ಈಗ ಸುಲಭವಾಗಿ ಹೇಳಬಹುದು, ಆಗ ಅದು ದೊಡ್ಡ ಸಂಗತಿ. ಪಪ್ಪನ ಸೂಪರ್‌ವೈಸರ್‌ನ ಮಗಳು ನನ್ನ ಕ್ಲಾಸಿನವಳು. ಒಮ್ಮೆ ನಮ್ಮ ಬಾಗಿಲಲ್ಲಿ ನಿಂತು ಮಮ್ಮಿ ಹಾಡುವುದನ್ನು ಕೇಳಿ ಹೋಗಿ, ಮರುದಿನ ಸ್ಕೂಲ್ ಬಸ್ಸಿನಲ್ಲಿ ಮೂಗಿನಿಂದ ಅದನ್ನೇ ಅಣಕಿಸಿದಳು. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ಮಾರಾಯ್ರೆ, ನಾನೂ ನಕ್ಕೆ. ಅದೇ ವರ್ಷ ಕೆಂಜಿ ಅಂಕಲ್‌ಗೆ ಊರಿಗೆ ಮರಳುವ ಆದೇಶ ಬಂತು. ಬೀಳ್ಕೊಡುವ ಊಟ ನಮ್ಮಲ್ಲೇ ಎಂದು ಮಮ್ಮಿ ಹಟ ಮಾಡಿದಳು, ಪಪ್ಪ ಸೂಪರ್‌ವೈಸರ್‌ನ ಮನೆಯವರನ್ನೂ ಕರೆದರು. ಕೆಂಜಿ ಅಂಕಲ್ ಕೇಳಿಕೊಂಡದ್ದು ಒಂದೇ. ಆ ಪಿಯಾನೋದ ಹಾಡನ್ನು ಮಮ್ಮಿ ಹಾಡಬೇಕು, ಅದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಹೋಗಿ ತನ್ನ ತಾಯಿಗೆ ಕೇಳಿಸಬೇಕು. ಮರಳುಗಾಡಿನಲ್ಲಿ ಒಬ್ಬ ಇಂಡಿಯಾದ ಹೆಂಗಸು ನಿಮ್ಮ ಹಾಡು ಹಾಡುತ್ತಾಳೆ ಎಂದು ಪತ್ರ ಬರೆದರೆ ಆ ಮುದುಕಿ ನಂಬುತ್ತಿರಲಿಲ್ಲವಂತೆ.

ಊಟಕ್ಕೆ ಮೊದಲೇ ನಾನು ನೋಟ್‌ಬುಕ್ಕನ್ನು ನನ್ನ ಸ್ಕೂಲ್ ಬ್ಯಾಗಿನಲ್ಲಿ, ಸಮಾಜ ಪುಸ್ತಕದ ಹಿಂದೆ ಅಡಗಿಸಿಟ್ಟೆ. ಅದಿಲ್ಲದೆ ಮಮ್ಮಿ ಹಾಡಲಾರಳು, ಆ ಹುಡುಗಿ ನಗಲಾರಳು, ನನ್ನ ಲೆಕ್ಕ ಅಷ್ಟೇ. ಪಪ್ಪ ಟೇಪ್ ರೆಕಾರ್ಡರನ್ನು ಟಿವಿಯ ಪಕ್ಕ ಇಟ್ಟು ಗುಂಡಿ ಒತ್ತಿದರು. ಮಮ್ಮಿ ಡ್ರಾಯರ್ ಎಳೆದಳು, ಸೋಫಾದ ದಿಂಬು ಎತ್ತಿದಳು, ಆಮೇಲೆ ತಿರುಗಿ ನನ್ನ ಮುಖವನ್ನು ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಅಷ್ಟರಲ್ಲಿ ಆ ಆರು ಸ್ವರ ಇಳಿದು ಬಂತು. ಅವಳು ಮೈಕು ಹಿಡಿದು ನಿಂತಳು, ಹಾಡು ಅವಳಿಗಾಗಿ ಜಾಗ ಬಿಟ್ಟುಕೊಂಡು ಮುಂದೆ ಮುಂದೆ ಹೋಯಿತು. ಇವತ್ತು ಗಂಟಲು ಸರಿ ಇಲ್ಲ, ಕ್ಷಮಿಸಬೇಕು ಎಂದು ಮಮ್ಮಿ ನಕ್ಕಳು. ಕೆಂಜಿ ಅಂಕಲ್ ಎದ್ದು ನಿಂತು, ಹಾಡಿದ್ದಾಳೆ ಎಂಬಂತೆಯೇ ಅವಳಿಗೆ ಸೊಂಟ ಬಾಗಿಸಿ ನಮಸ್ಕರಿಸಿದರು. ಆ ಕ್ಯಾಸೆಟ್ಟನ್ನೂ ಅವರು ಬಿಡದೆ ತೆಗೆದುಕೊಂಡು ಹೋದರು. ತಟ್ಟೆಗಳ ಸದ್ದು, ಯಾರದೋ ಕೆಮ್ಮು, ಮಮ್ಮಿಯ ನಗು ಇಷ್ಟೇ ಅದರಲ್ಲಿರಬೇಕು. ಮರುದಿನ ನಾನು ನೋಟ್‌ಬುಕ್ಕನ್ನು ಡ್ರಾಯರಿಗೆ ಸೇರಿಸಿದೆ. ಮಮ್ಮಿ ಅದನ್ನು ಮುಟ್ಟಲಿಲ್ಲ, ಯಂತ್ರವನ್ನು ಒಂದು ಶಾಲಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಹಾಡಲಿಲ್ಲ. ಅವಳ ಸ್ವರದ ಒಂದು ತುಣುಕೂ ಇವತ್ತು ನನ್ನ ಹತ್ತಿರ ಇಲ್ಲ.

ಪಪ್ಪನ ಎಕ್ಸಿಟ್ ಪೇಪರ್ ಕೈಗೆ ಬಂದು ಮನೆ ಖಾಲಿ ಮಾಡುವ ದಿನ ಮಮ್ಮಿ ಮತ್ತು ನಾನು ಅಡುಗೆಮನೆಯ ಕಪಾಟು ಒರೆಸುತ್ತಿದ್ದೆವು. ಡಬ್ಬಿಗಳೂ ಡ್ರಾಯರಿನಲ್ಲಿದ್ದ ನೋಟ್‌ಬುಕ್ಕೂ ಕಾರ್ಗೋದವರ ಪೆಟ್ಟಿಗೆ ಸೇರಿದ್ದವು. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿ, ಅವತ್ತು ಪುಸ್ತಕ ಅಡಗಿಸಿದ್ದು ನಾನೇ ಎಂದು ಹೇಳಿಬಿಟ್ಟೆ. ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಎರಡೇ ಮಾತಿನಲ್ಲಿ ಮುಗಿದುಹೋಯಿತು. ಮಮ್ಮಿ ಒರೆಸುವುದನ್ನು ನಿಲ್ಲಿಸಲಿಲ್ಲ.

"ನನಗೆ ಆವತ್ತೇ ಗೊತ್ತಿತ್ತು ಮಗಾ," ಎಂದಳು. "ಆ ಹಾಡು ನನಗೆ ಬಾಯಿಪಾಠ ಇತ್ತು, ಪುಸ್ತಕ ಎಂತಕ್ಕೆ? ನಿನಗೆ ಬೇಡ ಅಂತ ಕಂಡಿತು. ಹಾಗೆ ಹಾಡ್ಲಿಲ್ಲ."

ಹಾಗಾದರೆ ಈಗ ಹಾಡು ಎಂದು ಅವಳ ಕೈ ಹಿಡಿದು ಅಂಗಲಾಚಿದೆ. ಅವಳು ನಾಚಿಕೊಂಡು ಗಂಟಲು ಸರಿಮಾಡಿಕೊಂಡಳು. ಮುದಿಯಾದ ಸ್ವರದಲ್ಲಿ ಎರಡು ಸಾಲು ಬಂತು, ಮೂರನೆಯದರ ಅರ್ಧಕ್ಕೆ ತುಟಿ ನಿಂತಿತು. ಮತ್ತೆ ಮೊದಲಿನಿಂದ ಹಿಡಿದಳು. ಮತ್ತೆ ಅಲ್ಲಿಯೇ ನಿಂತಳು.

"ಮುಂದಿನದ್ದು ಬರುದಿಲ್ಲ ಮಗಾ," ಎಂದಳು. "ಹಾಡದೆ ಹಾಡದೆ ಮರ್ತು ಹೋಯ್ತು."

ಅದರಲ್ಲಿ ದೂರು ಒಂದಿಷ್ಟೂ ಇರಲಿಲ್ಲ. ಉಪ್ಪು ಮುಗಿದಿದೆ ಎಂದಷ್ಟೇ ಸಹಜವಾಗಿ ಹೇಳಿದಳು. ನಾನು ಒದ್ದೆ ಬಟ್ಟೆ ಹಿಂಡಿಕೊಂಡು, ಆಗಲೇ ಒರೆಸಿದ್ದ ಕಪಾಟನ್ನು ಮತ್ತೊಮ್ಮೆ ಒರೆಸಲು ಹೋದೆ, ಅವಳಿಗೆ ನನ್ನ ಮುಖ ಕಾಣದಿರಲಿ ಎಂದು.