ಉದ್ದ ಮೂಗಿನ ಲಕ್ಷ್ಮಿ

ಐವತ್ತು ವರ್ಷ ನಾನು ಒಬ್ಬ ಗಂಡಸನ್ನು ಲಕ್ಷ್ಮಿ ಎಂದು ಪೂಜಿಸಿದೆ. ತಪ್ಪು ನನ್ನದಲ್ಲ, ಅತ್ತೆಯದು. ಗಲಗಲಿಯ ಆ ಹೆಂಗಸು ಬಂಗಾರದ ಬಿಲ್ಲೆಗಳನ್ನು ಪೋಣಿಸಿದ ತನ್ನ ಪುತಳಿ ಸರವನ್ನು ನನ್ನ ಕೊರಳಿಗೆ ಹಾಕಿ, ನಡುವಿನ ದೊಡ್ಡ ಬಿಲ್ಲೆ ತೋರಿಸಿ, "ಇಕಿ ಲಕ್ಷ್ಮಿ. ದೀಪಾವಳಿಗೆ ಅಂಟವಾಳ ಹಚ್ಚಿ ತೊಳಿ" ಎಂದಿದ್ದಳು. ಬಿಲ್ಲೆಯಲ್ಲಿದ್ದದ್ದು ಉದ್ದ ಮೂಗು, ದಪ್ಪ ಕುತ್ತಿಗೆ, ತಲೆಗೆ ಎಲೆಯ ದಂಡೆ. ಇಂಥ ಮೂಗಿನ ಲಕ್ಷ್ಮಿ ಉಂಟೆ ಎಂದು ಅನುಮಾನ ಬಂದದ್ದು ನಿಜ. ಆದರೆ ಅತ್ತೆಯ ಮೂಗೂ ಹಾಗೇ ಇತ್ತು. ಅವರ ಮನೆಯ ದೇವರು ಅವರಂತೆಯೇ ಇದ್ದೀತು ಎಂದು ಸುಮ್ಮನಾದೆ.

ಈ ವರ್ಷ ಮೊಮ್ಮಗಳು ಶೈಲಾಳ ಮದುವೆ ಗೊತ್ತಾಯಿತು. ಸರ ಕರಗಿಸಿ ಅವಳಿಗೆ ಪಾಟ್ಲಿ ಬಳೆ ಮಾಡಿಸೋಣ, ಲಕ್ಷ್ಮಿ ಅವಳ ಕೈ ಸೇರಲಿ ಎಂದವಳು ನಾನೇ. ಜಮಖಂಡಿಯ ಪತ್ತಾರರ ಅಂಗಡಿಯಲ್ಲಿ, ಇತಿಹಾಸ ಓದಿದ ಆ ಹುಡುಗಿ ಬಿಲ್ಲೆಗೆ ಭೂತಗನ್ನಡಿ ಹಿಡಿದು ಕಿಸಕ್ಕನೆ ನಕ್ಕಳು.

"ಆಯಿ, ಇಂವಾ ರೋಮನ್ ರಾಜಾ! ಸಾವಿರಾರು ವರ್ಷದ ಹಿಂದ ಹಡಗಿನ್ಯಾಗ ಬಂದ ಅವರ ನಾಣ್ಯ ನೋಡಿ ನಮ್ಮ ಕಡಿಯವ್ರು ಇಂಥಾವ ಮಾಡಿ ಕೊಳ್ಳಾಗ ಹಾಕ್ಕೋತಿದ್ರು."

"ಅಂದ್ರ ನಕಲಿ ಏನಬೇ?"

"ಬಂಗಾರ ಖರೇನ ಐತ್ರಿ ಅವ್ವಾರ" ಎಂದರು ಪತ್ತಾರರು. "ಸುತ್ತ ಇರೋ ಅಕ್ಷರ ಅಷ್ಟ ಸುಳ್ಳು. ಬರೇ ಗೀಟು. ಕೆತ್ತಿದಾಂವಗ ಓದಾಕ ಬರತಿದ್ದಿಲ್ಲ. ಕರಗಸ್ಲ್ಯಾ?"

ಕನ್ನಡಿ ಕಸಿದುಕೊಂಡೆ. ಹೌದು, ಕಡ್ಡಿ, ಚುಕ್ಕಿ, ಕೊಕ್ಕೆ. ಎರಡನೇ ಇಯತ್ತೆಗೇ ಸಾಲಿ ಬಿಟ್ಟ ನಾನೂ ಎಷ್ಟೋ ವರ್ಷ ಹೀಗೇ ಸಹಿ ಮಾಡಿದ್ದೇನೆ, ಚಿತ್ರ ಬರೆದಂತೆ. ಆದರೆ ಅಕ್ಷರದಲ್ಲಿ ತಡವರಿಸಿದ ಕೈ ಮೂಗಿನಲ್ಲಿ ತಡವರಿಸಿರಲಿಲ್ಲ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕಿವಿಯ ಸುರುಳಿ, ಕುತ್ತಿಗೆಯ ನರ, ದಂಡೆ ಕಟ್ಟಿದ ದಾರದ ಗಂಟು. ರಾಜನನ್ನು ಕಣ್ಣಾರೆ ಕಾಣದವನು ಅವನ ತುಟಿಯ ಸೊಕ್ಕನ್ನೂ ಕೆತ್ತಿದ್ದಾನೆ. ದಾರಕ್ಕೆ ತೂತು ಕೊರೆದವನೂ ಜಾಣನೇ. ನೆತ್ತಿಯ ಮೇಲೆ ಕೊರೆದಿದ್ದಾನೆ, ರಾಜ ಯಾರ ಎದೆಯ ಮೇಲಾದರೂ ನೆಟ್ಟಗೆ ನಿಲ್ಲಲಿ ಎಂದು. ನಕಲಿಯಂತೆ! ಓದು ಬಾರದವನ ಕೆಲಸವನ್ನು ಓದು ಬಾರದವಳೇ ಮೂಸೆಗೆ ಹಾಕಿಸುವುದೆ?

"ಉಳಿದಾವ ಕರಗಸ್ರಿ. ಇಂವಾ ಇರ್ಲಿ."

"ಪಾಟ್ಲಿ ತೆಳ್ಳಗಾಗ್ತಾವ ಆಯಿ!" ಶೈಲಾಳ ಮುಖ ಸಣ್ಣದಾಯಿತು.

"ಆಗ್ಲಿ. ನಿನ್ನ ಕೈಯರ ಏನ್ ಒನಕಿ ಆಗೇತೇನ?"

ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಬಂದು, ನಾನು ಸತ್ತ ಮೇಲೆ ಆ ರಾಜ ಯಾರಿಗೆ ಎಂದು ಕೇಳಿದಳು. ಪಾಟ್ಲಿಯ ಚಿಂತೆ ಮುಗಿಯಿತೆಂದು ತಿಳಿದೆ.

ಈ ದೀಪಾವಳಿಗೂ ಅಂಟವಾಳ ಹಚ್ಚಿ ಅವನನ್ನು ತೊಳೆದೆ. ಬೆರಳು ರೂಢಿಯಂತೆ ಕುಂಕುಮದ ಕಡೆಗೆ ಹೋಗಿ ನಿಂತಿತು. ಗಂಡಸಲ್ಲವೆ! ಹಣೆಗೆ ಚೂರು ವಿಭೂತಿ ಎಳೆದೆ. ಆ ಉದ್ದ ಮೂಗಿಗೆ ಚೆನ್ನಾಗಿಯೇ ಒಪ್ಪಿತು.