ಕಳೆದುಹೋದ ದೊಡ್ಡವರ ಗಮನಕ್ಕೆ

ನನ್ನ ಅಕ್ಕನ ಜೊತೆ ಒಂದು ವಾರ ಇದ್ದು ನೋಡಿ, ಆಮೇಲೆ ಬೇಕಾದರೆ ನನಗೆ ತಾಳ್ಮೆ ಇಲ್ಲ ಅನ್ನಿ. ಬೆಳಿಗ್ಗೆ ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಿರುತ್ತೇನೆ. ಅಡುಗೆಮನೆಯಿಂದ ಧ್ವನಿ ಬರುತ್ತದೆ.

"ದಯವಿಟ್ಟು ಗಮನಿಸಿ. ನೀಲಿ ಸ್ವೆಟರ್ ಹಾಕಿರುವ ಮಹಿಳೆಯೊಬ್ಬರು ಒಲೆಯ ಮೇಲೆ ಹಾಲಿಟ್ಟು ಮರೆತಿದ್ದಾರೆ. ಅವರು ಎಲ್ಲಿದ್ದರೂ ಕೂಡಲೇ ಅಡುಗೆಮನೆಗೆ ಬರಬೇಕಾಗಿ ವಿನಂತಿ."

ನೀಲಿ ಸ್ವೆಟರಿನ ಮಹಿಳೆ ನಾನು. ಒಲೆಯ ಪಕ್ಕದಲ್ಲೇ ನಿಂತಿರುವವಳು ಅವಳು. ಕೈ ಚಾಚಿದರೆ ಗ್ಯಾಸ್ ಆರಿಸಬಹುದು. ಆರಿಸುವುದಿಲ್ಲ, ಯಾಕೆಂದರೆ ಪ್ರಕಟಣೆಯನ್ನು ಎರಡು ಸಲ ಮಾಡಬೇಕು, ಅದು ಅವಳ ನಿಯಮ. ಎರಡನೇ ಸಲ ಮುಗಿಯುವಷ್ಟರಲ್ಲಿ ಹಾಲು ಉಕ್ಕಿ ಒಲೆ ತುಂಬ ಹರಿದಿರುತ್ತದೆ. ಒರೆಸುವವಳು ಮತ್ತೆ ನಾನೇ.

ಊರಿನ ಹಳೇ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಮೈಕಿನ ಮುಂದೆ ಕೂತು ಮಾತಾಡುತ್ತಿದ್ದವಳು ಇವಳು. ಕೂದಲು ಕಪ್ಪಗಿದ್ದಾಗ ಹೋಗಿ ಕೂತವಳು, ಬೆಳ್ಳಗಾದ ಮೇಲೆ ಎದ್ದು ಬಂದಳು. ಅಲ್ಲಿಯವರು ಅವಳನ್ನು ಮೈಕಕ್ಕ ಅಂತಲೇ ಕರೆಯುತ್ತಿದ್ದರು. ಊರಿಗೆಲ್ಲ ಅವಳ ಧ್ವನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಇವತ್ತಿಗೂ ತರಕಾರಿ ಅಂಗಡಿಯಲ್ಲಿ ಅವಳು ಬಾಯಿ ತೆರೆದರೆ ಅಕ್ಕಪಕ್ಕದವರು ತಟ್ಟನೆ ತಮ್ಮ ಮಕ್ಕಳ ಕೈ ಹಿಡಿದುಕೊಳ್ಳುತ್ತಾರೆ. ಯಾಕೆ ಹಿಡಿದುಕೊಂಡೆವೆಂದು ಅವರಿಗೇ ಗೊತ್ತಿರುವುದಿಲ್ಲ.

ಆ ಪಾರ್ಕಿನ ನಟ್ಟನಡುವೆ ಸೊಂಡಿಲೆತ್ತಿ ನಿಂತ ಸಿಮೆಂಟಿನ ಆನೆಯೊಂದಿತ್ತು. ಅದರ ಪಕ್ಕದಲ್ಲಿ ತಗಡಿನ ಸೂರಿನ ಪುಟ್ಟ ಕೋಣೆ. ಒಂದು ಕಿಟಕಿ, ಒಂದು ಮೈಕು, ಅಕ್ಕನ ಚಹಾ ಫ್ಲಾಸ್ಕು, ಮಕ್ಕಳಿಗೆಂದು ಇಟ್ಟ ಬಿಸ್ಕತ್ತಿನ ಡಬ್ಬಿ. ಗದ್ದಲದಲ್ಲಿ ಕೈತಪ್ಪಿದ ಮಕ್ಕಳನ್ನೆಲ್ಲ ಅಲ್ಲಿಗೆ ಕರೆತರುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕನೂ ಎಲ್ಲರ ಹಾಗೆ "ಮಗುವೊಂದು ಕಳೆದುಹೋಗಿದೆ" ಎಂದು ಹೇಳಿದಳಂತೆ. ಅಲ್ಲಿಯವರೆಗೆ ತನ್ನ ಪಾಡಿಗೆ ತಾನು ಬಿಸ್ಕತ್ತು ತಿನ್ನುತ್ತಿದ್ದ ಮಗು ಆ ಮಾತು ಕಿವಿಗೆ ಬಿದ್ದದ್ದೇ ಹೋ ಎಂದು ಅಳತೊಡಗಿತು. ತಾನು ಕಳೆದುಹೋಗಿದ್ದೇನೆ ಅನ್ನುವುದು ಅದಕ್ಕೆ ತಿಳಿದದ್ದೇ ಮೈಕಿನಿಂದ.

ಮಾರನೆಯ ದಿನದಿಂದ ಅಕ್ಕ ಮಾತನ್ನು ತಿರುಗಿಸಿಬಿಟ್ಟಳು. "ದಯವಿಟ್ಟು ಗಮನಿಸಿ. ಹಳದಿ ಅಂಗಿ ಹಾಕಿದ ಹುಡುಗ ಆನೆಯ ಹತ್ತಿರ ಕ್ಷೇಮವಾಗಿದ್ದಾನೆ. ಅವನ ಅಪ್ಪ ಕಳೆದುಹೋಗಿದ್ದಾರೆ. ಯಾರಿಗಾದರೂ ಸಿಕ್ಕರೆ ಆನೆಯ ಹತ್ತಿರ ಕರೆತನ್ನಿ." ಇದನ್ನು ಕೇಳಿ ಇಡೀ ಪಾರ್ಕು ನಗುತ್ತಿತ್ತು, ಅಪ್ಪನಾದವನು ಮುಖ ಕೆಂಪಗೆ ಮಾಡಿಕೊಂಡು ಓಡಿಬರುತ್ತಿದ್ದ. ಮಗು ಅಪ್ಪನಿಗೇ ಬೈಯುತ್ತಿತ್ತು. ಒಂದು ಮಗುವೂ ಅಳಲಿಲ್ಲ ಅಂತ ಅಕ್ಕ ಹೇಳುತ್ತಾಳೆ. ಅಷ್ಟು ನಂಬಬೇಕಾಗಿಲ್ಲ, ಆದರೂ ಬಹಳ ಅತ್ತಿರಲಾರವು.

ಆಮೇಲೆ ಪಾರ್ಕು ಊರಾಚೆ ಹೆದ್ದಾರಿಯ ಪಕ್ಕಕ್ಕೆ ಹೋಯಿತು. ಜೈಂಟ್ ವೀಲ್, ಸುತ್ತುವ ಕುದುರೆಗಳು, ಪುಟಾಣಿ ರೈಲು ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರಿದರು. ಆನೆಯನ್ನು ಎತ್ತಲು ಆಗಲಿಲ್ಲ, ಒಡೆದರು. ಅಕ್ಕನನ್ನು ಕರೆಯಲಿಲ್ಲ. ಹೊಸ ಜಾಗದಲ್ಲಿ ಮೈಕಿನ ವಿಭಾಗವೇ ಇರುವುದಿಲ್ಲ ಎಂದು ಮ್ಯಾನೇಜರು ಮರ್ಯಾದೆಯಿಂದಲೇ ಹೇಳಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಭಾವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದವಳು ಅಲ್ಲಿಯವರೆಗೆ ಬರೀ ಮಲಗಲು ಮನೆಗೆ ಬರುತ್ತಿದ್ದಳು. ಈಗ ಇಡೀ ದಿನ ಮನೆಯಲ್ಲಿ! ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ಅವಳಿಗೆ ಬೇಕಾದದ್ದು ಒಂದೇ. ತಾನಿಲ್ಲದೆ ಆ ಪಾರ್ಕು ನಡೆಯುವುದಿಲ್ಲ ಅಂತ ಯಾರಾದರೂ ಒಬ್ಬರು ಒಪ್ಪಬೇಕು. ಯಾರೂ ಸಿಗದ ಕಾರಣ ನನ್ನ ಬೆನ್ನು ಬಿದ್ದಳು.

"ಅಲ್ಲಿ ಕುದುರೆಗಳಿಗೆ ಬಣ್ಣ ಬಳಿದಿದಾರಂತೆ."

"ಬಳೀಲಿ ಬಿಡು. ಏನೀಗ?"

"ನಮ್ಮ ಕಪ್ಪು ಕುದುರೆ ಗುಲಾಬಿ ಬಣ್ಣ ಆಗಿದೆಯಂತೆ ಕಣೇ!"

ಹೊಸ ಪಾರ್ಕಿಗೆ ಒಂದು ಸಲವೂ ಕಾಲಿಡದೆ ಅಲ್ಲಿಯ ಒಂದೊಂದು ಮೊಳೆಗೂ ಮೂಗು ಮುರಿಯುತ್ತಿದ್ದಳು. ಸಂಜೆಯಾದರೆ ಹಳೇ ಜಾಗದ ಕಡೆಗೇ ವಾಕಿಂಗು. ಅದೀಗ ಪೀಠೋಪಕರಣದ ಅಂಗಡಿಯೊಂದರ ಪಾರ್ಕಿಂಗ್. ಸೋಫಾ ಕೊಳ್ಳಲು ಬಂದ ಯಾರಿಗೋ ಒಂದು ದಿನ ಹೇಳಿದಳಂತೆ, "ನೀವು ರೈಲಿನ ಹಳಿ ಮೇಲೆ ಕಾರು ನಿಲ್ಲಿಸಿದೀರಿ, ಸ್ವಲ್ಪ ಮುಂದಕ್ಕೆ ತಗೊಳ್ಳಿ." ಆ ಪುಣ್ಯಾತ್ಮ ತಗೊಂಡನಂತೆ! ಅವಳ ಧ್ವನಿ ಅಂಥದ್ದು. ನಾನು ಹೇಳಿದ್ದರೆ ಹುಚ್ಚಿ ಅಂದುಕೊಂಡು ಹೋಗುತ್ತಿದ್ದ.

ಇವಳ ಹಾಡನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವಳು ನನ್ನ ಮೊಮ್ಮಗಳು ಒಬ್ಬಳೇ. ನನ್ನ ಮಗಳ ಮನೆ ಎರಡು ಬೀದಿ ಆಚೆ, ಮಗು ಶಾಲೆ ಬಿಟ್ಟ ಮೇಲೆ ನಮ್ಮಲ್ಲೇ ಇರುತ್ತದೆ. ತಾನು ಕಣ್ಣಲ್ಲಿ ಕಾಣದ ಆ ಪಾರ್ಕಿನ ಮೂಲೆ ಮೂಲೆಯೂ ಅದಕ್ಕೆ ಬಾಯಿಪಾಠ. "ಕಳೆದುಹೋಗೋದು ಯಾರು?" ಎಂದು ಅಕ್ಕ ಕೇಳುವುದು, "ದೊಡ್ಡೋರು!" ಎಂದು ಇದು ಕೂಗುವುದು. "ಆಗ ನೀನೇನು ಮಾಡ್ಬೇಕು?" "ಅಳಬಾರ್ದು. ಆನೆ ಹತ್ರ ಹೋಗಿ ನಿಂತ್ಕೋಬೇಕು!" ದಿನಾ ಇದೇ ಪಾಠ. ಗಣಿತದ ಮಗ್ಗಿ ಮಾತ್ರ ಇನ್ನೂ ಬಾರದು.

ಆ ಮಗುವಿಗೆ ಏಳು ತುಂಬಿದ ದಿನ ಹೊಸ ಪಾರ್ಕಿಗೆ ಹೋಗಬೇಕೆಂದು ಹಠ ಹಿಡಿಯಿತು. ದೊಡ್ಡಜ್ಜಿ ಬಾರದಿದ್ದರೆ ತಾನೂ ಬರುವುದಿಲ್ಲವಂತೆ. ಅಕ್ಕ ಮೊದಲು ಮಂಡಿನೋವು ಅಂದಳು, ಆಮೇಲೆ ತಲೆನೋವು ಅಂದಳು, ಕೊನೆಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ದಾರಿಯುದ್ದಕ್ಕೂ ಗೊಣಗಾಟ. ನನ್ನ ತಲೆ ಚಿಟ್ಟು ಹಿಡಿದುಹೋಯಿತು.

ಪಾರ್ಕು ಚೆನ್ನಾಗಿಯೇ ಇತ್ತು. ಇದನ್ನು ನಾನು ಅವಳ ಮುಂದೆಯೇ ಜೋರಾಗಿ ಹೇಳಿದೆ. ಕಸವಿಲ್ಲ, ಕೂರಲು ನೆರಳಿದೆ, ಶೌಚಾಲಯದಲ್ಲಿ ನೀರಿದೆ. ಅಕ್ಕ ಮಾತ್ರ ತನಿಖೆಗೆ ಬಂದ ಅಧಿಕಾರಿಯ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಡೆದಳು. ಕುದುರೆಗಳ ಹತ್ತಿರ ಬಂದಾಗ ಸುಮ್ಮನೆ ನಿಂತಳು. ಗುಲಾಬಿ ಕುದುರೆಯ ಕಿವಿಯ ಹಿಂದೆ ಬಣ್ಣ ಎದ್ದ ಕಡೆ ಹಳೇ ಕಪ್ಪು ಕಾಣುತ್ತಿತ್ತು. "ನೋಡೇ, ಅದೇ ಅದು" ಎಂದು ನನ್ನ ತೋಳು ಹಿಡಿದೆಳೆದಳು. ನಾನು ನೋಡಿದೆ. ನಾವಿಬ್ಬರೂ ಆ ಕುದುರೆಯ ಕಿವಿಯನ್ನು ನೋಡಿ ಈ ಕಡೆ ತಿರುಗಿದರೆ ಮಗು ಇಲ್ಲ.

ಕುದುರೆಗಳ ಸುತ್ತ ಒಂದು ಸುತ್ತು ಬಂದೆ, ಐಸ್‌ಕ್ರೀಮ್ ಗಾಡಿಯ ಹಿಂದೆ ನೋಡಿದೆ, ಶೌಚಾಲಯದ ಒಂದೊಂದು ಬಾಗಿಲನ್ನೂ ಬಡಿದೆ. ಸಹಾಯ ಕೇಂದ್ರ ಎಂದು ಬರೆದಿದ್ದ ಗಾಜಿನ ಗೂಡಿಗೆ ಓಡಿದೆವು. ಅಲ್ಲಿದ್ದ ಹುಡುಗಿ ಒಳ್ಳೆಯವಳೇ. ನನ್ನ ಫೋನಿನಿಂದ ಮಗುವಿನ ಫೋಟೋ ತೆಗೆದುಕೊಂಡು ಎಲ್ಲ ಕಾವಲುಗಾರರಿಗೂ ಕಳಿಸಿದಳು.

"ಮೈಕಲ್ಲಿ ಹೇಳಿಸಮ್ಮ," ಅಂದೆ.

"ನಮ್ಮಲ್ಲಿ ಮೈಕ್ ಇಲ್ಲ ಆಂಟಿ. ಗಾಬರಿ ಆಗ್ಬೇಡಿ. ಅಳ್ತಿರೋ ಮಗು ಕಂಡ್ರೆ ನಮ್ಮೋರು ತಕ್ಷಣ ಕರ್ಕೊಂಡ್ ಬರ್ತಾರೆ."

ಅಲ್ಲೇ ನನಗೆ ಅರ್ಥವಾದದ್ದು. ನಮ್ಮದು ಅಳುವುದಿಲ್ಲ! ಅಳಬಾರದು ಅಂತ ದಿನಾ ಪಾಠ ಆಗಿದೆಯಲ್ಲ. ತಾನು ಕಳೆದುಹೋಗಿದ್ದೇನೆ ಅಂತಲೇ ಅದಕ್ಕೆ ಗೊತ್ತಿರುವುದಿಲ್ಲ. ನೆಟ್ಟಗೆ, ಧೈರ್ಯವಾಗಿ, ಯಾರಿಗೂ ಸಂಶಯ ಬಾರದ ಹಾಗೆ ನಡೆದುಕೊಂಡು ಹೋಗುತ್ತಿರುತ್ತದೆ, ಇಲ್ಲದ ಆನೆಯನ್ನು ಹುಡುಕಿಕೊಂಡು. ಗೇಟಿನ ಆಚೆಗೇ ಹೋದರೂ ಯಾರೂ ತಡೆಯುವುದಿಲ್ಲ. ಆಚೆ ಹೆದ್ದಾರಿ.

"ಅಕ್ಕಾ, ನೀನು ಹೇಳು," ಅಂದೆ. "ಮೈಕ್ ಇಲ್ದಿದ್ರೆ ಬೇಡ. ನಿನ್ನ ಧ್ವನಿ ಸಾಕು. ಹತ್ತು ಮೇಲೆ."

ಜೈಂಟ್ ವೀಲಿನ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಆ ಸಾಲಿನ ಪಕ್ಕದ ಬೆಂಚಿನ ಮೇಲೆ ಅವಳನ್ನು ಹತ್ತಿಸಿದೆ. ಇಷ್ಟು ದಿನ ಅವಳು ಕಾಯುತ್ತಿದ್ದದ್ದು ಇದಕ್ಕೇ ತಾನೆ? ಅವಳು ಬೆನ್ನು ನೆಟ್ಟಗೆ ಮಾಡಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೊಮ್ಮೆ ತೆರೆದಳು, ತುಟಿ ಅದುರಿತು, ಅಷ್ಟೇ. ನನ್ನನ್ನು ನೋಡಿದಳು. ಅಂಥ ಮುಖವನ್ನು ಭಾವ ಹೋದ ದಿನವೂ ನಾನು ಕಂಡಿರಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಾಲು ಉಕ್ಕಿದರೆ ಬಾಯಿ ಬರುತ್ತದೆ, ಚಪ್ಪಲಿ ಅಡ್ಡ ಬಿದ್ದರೆ ಬಾಯಿ ಬರುತ್ತದೆ, ಮಗು ಹೋದಾಗ ಗಂಟಲು ಕಟ್ಟಬೇಕೆ! ಅವಳನ್ನು ಕೆಳಗಿಳಿಸಿ ನಾನೇ ಹತ್ತಿದೆ. ಹೊಲಿಗೆ ಯಂತ್ರದ ಸದ್ದಿನ ಮೇಲೆ ಗಿರಾಕಿಗಳ ಜೊತೆ ಕೂಗಾಡಿ ಬೆಳೆದ ಗಂಟಲು ನನ್ನದು. ಏನು ಹೇಳಬೇಕೆಂದು ಯೋಚಿಸಲೂ ಇಲ್ಲ. ವರ್ಷಗಟ್ಟಲೆ ಬೇಡ ಬೇಡವೆಂದರೂ ಕಿವಿಗೆ ಬಿದ್ದ ಮಾತು, ತಾನೇ ಬಂತು.

"ದಯವಿಟ್ಟು ಗಮನಿಸಿ! ಕಿತ್ತಳೆ ಬಣ್ಣದ ಫ್ರಾಕ್ ಹಾಕಿದ ಹುಡುಗಿ. ಬೆನ್ನ ಮೇಲೆ ನಾಲ್ಕು ಗುಂಡಿ, ಒಂದು ಮಾತ್ರ ಹಸಿರು. ಅವಳ ಇಬ್ಬರು ಅಜ್ಜಿಯಂದಿರು ಕಳೆದುಹೋಗಿದ್ದಾರೆ! ಯಾರಿಗಾದರೂ ಅವಳು ಕಂಡರೆ ಆನೆಯ ಹತ್ತಿರ ಕರೆತನ್ನಿ!"

ಆನೆ ಎಲ್ಲಿದೆ? ಒಡೆದು ಎಷ್ಟೋ ಕಾಲವಾಯಿತು. ಬಾಯಿ ತಪ್ಪಿ ಬಂದುಬಿಟ್ಟಿತು. ಸಾಲಿನಲ್ಲಿದ್ದ ಚಿಕ್ಕ ವಯಸ್ಸಿನವರು ನಕ್ಕರು. ಆದರೆ ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡಿದ್ದ ಬೊಕ್ಕತಲೆಯವನೊಬ್ಬ ನಗಲಿಲ್ಲ.

"ಆನೆ ಹತ್ರ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಅಯ್ಯೋ! ನಮ್ಮಪ್ಪನೂ ಒಂದ್ಸಲ ಅಲ್ಲಿ ಕಳೆದುಹೋಗಿದ್ರು."

ಅವನೇ ತಿರುಗಿ ಸಾಲಿನ ಹಿಂದಿನವರಿಗೆ ನನ್ನ ಮಾತನ್ನು ಕೂಗಿ ಹೇಳಿದ. ಅವರು ತಮ್ಮ ಹಿಂದಿನವರಿಗೆ ಹೇಳಿದರು. ಕಿತ್ತಳೆ ಫ್ರಾಕು, ಹಸಿರು ಗುಂಡಿ ಅನ್ನುವುದು ಬಾಯಿಂದ ಬಾಯಿಗೆ ದಾಟುತ್ತಾ ಹೋಯಿತು. ಅಷ್ಟರಲ್ಲಿ ಅವನ ಹೆಗಲ ಮೇಲಿದ್ದ ಮಗು ಅವನ ಬೋಳುತಲೆಗೆ ಬಡಿಯತೊಡಗಿತು. "ಅಪ್ಪಾ, ಆನೆ ಅಲ್ಲಿದೆ! ಸೊಂಡಿಲು ಕಾಣ್ತಿದೆ!"

ಇತ್ತು. ಪಾರ್ಕಿನ ಕೊನೆಯಲ್ಲಿ, ನೀರಿನ ಆಟಗಳ ಕಡೆ, ನೀಲಿ ಬಣ್ಣದ ಪ್ಲಾಸ್ಟಿಕ್ಕಿನ ಆನೆ. ಅದರ ಬೆನ್ನೇ ಒಂದು ಜಾರುಬಂಡೆ. ನನಗೆ ಗೊತ್ತಿರಲಿಲ್ಲ, ಎಲ್ಲವನ್ನೂ ತಿಳಿದ ನಮ್ಮಕ್ಕನಿಗಂತೂ ಗೊತ್ತೇ ಇರಲಿಲ್ಲ. ಮಂಡಿನೋವಿನ ಅಕ್ಕ ನನಗಿಂತ ಮುಂದೆ ಓಡಿದಳು.

ಆ ಆನೆ ಸೊಂಡಿಲಿನಿಂದ ನೀರು ಚಿಮ್ಮಿಸುತ್ತಿತ್ತು. ನೀರು ಬೀಳುವ ಜಾಗಕ್ಕೆ ಸರಿಯಾಗಿ, ಸೊಂಡಿಲಿನ ಕೆಳಗೆ, ಮುಂಗಾಲಿಗೆ ಒರಗಿಕೊಂಡು ನಮ್ಮ ಮಗು ನಿಂತಿತ್ತು. ತೊಯ್ದು ತೊಪ್ಪೆಯಾಗಿತ್ತು. ಕಣ್ಣಲ್ಲಿ ಒಂದು ಹನಿಯಿಲ್ಲ. ನಮ್ಮನ್ನು ಕಂಡದ್ದೇ ಸೊಂಟಕ್ಕೆ ಕೈಯಿಟ್ಟುಕೊಂಡಿತು.

"ಎಲ್ಲಿಗ್ ಹೋಗಿದ್ರಿ ಇಬ್ರೂ? ನಾನು ಆನೆ ಎಲ್ಲಿದೆ ಅಂತ ಕೇಳ್ಕೊಂಡು ಬಂದು ಆವಾಗ್ಲಿಂದ ನಿಂತಿದೀನಿ! ಮೈಕಲ್ಲಿ ಹೇಳ್ಸೋಣ ಅಂದ್ರೆ ಇಲ್ಲಿ ಮೈಕೇ ಇಲ್ವಂತೆ!"

ನಾನು ಅದನ್ನು ಅಪ್ಪಿಕೊಂಡು ಅತ್ತೆ. ಬೈಯುತ್ತಲೇ ಅತ್ತೆ. ಅಕ್ಕ ತನ್ನ ಶಾಲಿನಿಂದ ಮಗುವಿನ ತಲೆ ಒರೆಸಿದಳು.

ಮಗುವನ್ನು ಅದರ ಮನೆಗೆ ಬಿಟ್ಟು ಬರುವಾಗ ದಾರಿಯಲ್ಲಿ ಅಕ್ಕ ಒಮ್ಮೆ ನಿಂತಳು.

"ಅಷ್ಟು ವರ್ಷ ಹೇಳಿದ್ದೆಲ್ಲ ಬೇರೆಯವರ ಮಕ್ಕಳಿಗೆ ಕಣೇ. ಅದಕ್ಕೇ ಅಷ್ಟು ಚೆನ್ನಾಗಿ ಹೇಳ್ತಿದ್ದೆ. ನಮ್ಮ ಮಗು ಅಂದಾಗ ಒಂದಕ್ಷರ ಹೊರಡ್ಲಿಲ್ಲ. ನಾನಿಲ್ದೆ ನಡೆಯಲ್ಲ ಅಂತಿದ್ನಲ್ಲ, ಎಂಥಾ ದಡ್ಡಿ ನಾನು."

"ಸರಿ, ನಡಿ, ಚಳಿ," ಅಂದೆ. ಅಂಥ ಹೊತ್ತಿನಲ್ಲಿ ನನಗೆ ಒಳ್ಳೆಯ ಮಾತು ಹೊಳೆಯುವುದಿಲ್ಲ.

ಅಲ್ಲಿಂದ ಮನೆ ನಿಶ್ಶಬ್ದವಾಯಿತು. ಇಷ್ಟು ಕಾಲ ನಾನು ಬೇಡಿಕೊಂಡದ್ದೇ ಇದು. ಚಪ್ಪಲಿ ಅಡ್ಡ ಬಿದ್ದರೂ ಪ್ರಕಟಣೆಯಿಲ್ಲ. ಸಂಜೆಯ ವಾಕಿಂಗ್ ನಿಂತಿತು. ಗುಲಾಬಿ ಕುದುರೆಯ ಸುದ್ದಿಯಿಲ್ಲ. ಮಗು ಬಂದು "ಕಳೆದುಹೋಗೋದು ಯಾರು ಅಂತ ಕೇಳು ದೊಡ್ಡಜ್ಜಿ" ಅಂದರೆ "ಮಗ್ಗಿ ಬರಿ ಹೋಗು" ಅನ್ನುತ್ತಿದ್ದಳು. ಮೊದಲೆರಡು ದಿನ ಆರಾಮಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ತಡೆಯಲಾಗಲಿಲ್ಲ. ಹೊಲಿಗೆ ನೆಟ್ಟಗೆ ಬೀಳುತ್ತಿರಲಿಲ್ಲ. ಈ ಹೆಂಗಸು ಮಾತಾಡಿದರೂ ಕಷ್ಟ, ಆಡದಿದ್ದರೂ ಕಷ್ಟ.

ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಬಂದು ಯಂತ್ರದ ಮುಂದೆ ಕೂತೆ. ಬೇಕೆಂದೇ ಮರೆತೆ. ಅಡುಗೆಮನೆಯಲ್ಲಿ ಅಕ್ಕನ ಹೆಜ್ಜೆ ಸದ್ದಾಯಿತು, ಒಲೆಯ ಹತ್ತಿರ ನಿಂತಿತು. ಇನ್ನು ಸದ್ದಿಲ್ಲದೆ ಗ್ಯಾಸ್ ಆರಿಸಿಬಿಡುತ್ತಾಳೆ, ನಿನ್ನೆ ಮೊನ್ನೆ ಮಾಡಿದ ಹಾಗೆ. ನನಗೆ ರೇಗಿಹೋಯಿತು. ಎದ್ದು ಬಾಗಿಲಲ್ಲಿ ನಿಂತು ಗಂಟಲೆತ್ತಿದೆ.

"ದಯವಿಟ್ಟು ಗಮನಿಸಿ. ನೀಲಿ ಸ್ವೆಟರ್ ಹಾಕಿರುವ ತಂಗಿಯೊಬ್ಬಳು ಇಲ್ಲಿ ಕ್ಷೇಮವಾಗಿದ್ದಾಳೆ. ಅವಳ ಅಕ್ಕ ಕಳೆದುಹೋಗಿದ್ದಾಳೆ. ಯಾರಿಗಾದರೂ ಸಿಕ್ಕರೆ ಹೊಲಿಗೆ ಯಂತ್ರದ ಹತ್ತಿರ ಕರೆತನ್ನಿ."

ಒಳಗಿನಿಂದ ಮೂಗು ಎಳೆದುಕೊಂಡ ಸದ್ದು. ಆಮೇಲೆ ಆ ಧ್ವನಿ.

"ಕೊನೆ ಪದ ನುಂಗ್ದೆ. ಇನ್ನೊಂದ್ಸಲ ಹೇಳ್ಬೇಕು, ಎರಡು ಸಲ ಅಂತ ಗೊತ್ತಿಲ್ವಾ?"

ನಾನು ಮೊದಲಿನಿಂದ ಇನ್ನೊಂದು ಸಲ ಹೇಳಿದೆ. ಒಂದು ಪದವನ್ನೂ ನುಂಗಲಿಲ್ಲ. ಮುಗಿಸುವಷ್ಟರಲ್ಲಿ ಹಾಲು ಉಕ್ಕಿ ಒಲೆ ತುಂಬ ಹರಿದಿತ್ತು, ಅದರ ಪಕ್ಕದಲ್ಲೇ ಅಕ್ಕ ಕೈ ಕಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.